ಕೊನೆಯ ಎಂಟರ್, ಕೊನೆಯ ಹೆಸರು

ಪಾಲಬಾವಿಯಿಂದ ಅಣ್ಣನ ಮಗ ಫೋನ್ ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. ಹಗಲು ಡಿಪ್ಲೊಮಾ ಓದುವ ಹುಡುಗ, ಸಂಜೆ ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾನೆ. ಯಾರು ಎಷ್ಟು ಲೀಟರ್ ಹಾಕಿದರೆಂದು ನೋಟ್‌ಪ್ಯಾಡ್‌ನಲ್ಲಿ ಸಾಲಿಗೊಬ್ಬರಂತೆ ಬರೆದು, ತಾನೇ ಪೈಥಾನ್‌ನಲ್ಲಿ ಮಾಡಿದ ಪುಟ್ಟ ಪ್ರೋಗ್ರಾಂಗೆ ಕೊಟ್ಟು, ಒಟ್ಟು ಮತ್ತು ಸರಾಸರಿ ತೆಗೆಯುವುದು ಅವನ ಹೊಸ ಉಮೇದು. ಪರೀಕ್ಷೆ ಮಾಡಿ ನೋಡೋಣವೆಂದು ಐದೇ ಜನರ ಫೈಲು ಮಾಡಿದ್ದ. ಒಟ್ಟು 40 ಲೀಟರ್. ಸರಾಸರಿ 8 ಬರಬೇಕು, ಬಂದದ್ದು 6.67.

"ಕಾಕಾ, ಹಾಲ ಹಾಕಿದವ್ರು ಐದ ಮಂದಿ ಅದಾರ್ರಿ. ಪ್ರೋಗ್ರಾಂ ಆರು ಅಂತೈತಿ. ಆರನೇದಾವ ಯಾರ್ರಿ?"

ಹಾಲು ತರದ ದಿನ ಬರೀ ಹೆಸರಿರುತ್ತದೆ, ಲೀಟರ್ ಇರುವುದಿಲ್ಲ. ಅದಕ್ಕೆಂದು ಅವನು "ಸಂಖ್ಯೆ ಸಿಗದಿದ್ದರೆ ಸೊನ್ನೆ ಎಂದುಕೋ" ಎಂಬ ನಿಯಮ ಹಾಕಿದ್ದ. ಹಾಗಾಗಿ ಫೈಲಿನ ಕೊನೆಯಲ್ಲಿ ಕಂಡ ಒಂದು ಖಾಲಿ ಸಾಲು ಸದ್ದಿಲ್ಲದೆ ಸೊನ್ನೆ ಲೀಟರ್ ಹಾಕಿದ ಆರನೆಯ ಸದಸ್ಯನಾಗಿ ಕುಳಿತಿತ್ತು. ಕೊನೆಗೆ ಎರಡು ಸಲ ಎಂಟರ್ ಒತ್ತಿರಬೇಕು ಎಂದೆ. "ಇಲ್ರಿ ಕಾಕಾ, ಒಂದ ಸಲ ಒತ್ತೀನಿ. ಅದನ್ನೂ ಅಳಿಸಿದ್ರ ಐದ ಬರತೈತಿ. ಅಳಿಸಿ ಬಿಡ್ಲ್ಯಾ?"

ಅಳಿಸಬೇಡ ತಮ್ಮಾ ಎಂದೆ. ಫೈಲು ಸರಿಯಾಗಿಯೇ ಇತ್ತು. ಓದುವ ರೀತಿ ತಪ್ಪಿತ್ತು.

ಕಂಪ್ಯೂಟರಿಗೆ ಸಾಲು ಎಂಬುದು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಫೈಲು ಎಂದರೆ ಒಂದರ ಹಿಂದೊಂದು ನಿಂತ ಬೈಟುಗಳ ಸರಪಳಿ. ಎಂಟರ್ ಒತ್ತಿದಾಗ ಆ ಸರಪಳಿಯೊಳಗೆ ಒಂದು ಗುರುತು ಸೇರುತ್ತದೆ, ಅದೇ ನ್ಯೂಲೈನ್. ಆ ಗುರುತಿನ ಅರ್ಥವೇನು ಎಂಬುದರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷಕ್ಕೆ ಅದು ಪೂರ್ಣವಿರಾಮ: ಪ್ರತಿ ಸಾಲಿನ ಕೊನೆಗೂ ಬರಬೇಕು, ಕೊನೆಯ ಸಾಲಿಗೂ ಬರಬೇಕು. ಮೂರು ವಾಕ್ಯಕ್ಕೆ ಮೂರು ಪೂರ್ಣವಿರಾಮ. ಇನ್ನೊಂದು ಪಕ್ಷಕ್ಕೆ ಅದು ಅಲ್ಪವಿರಾಮ: ಎರಡು ಸಾಲುಗಳ ನಡುವಿನ ಬೇಲಿ. ಮೂರು ಹೆಸರಿಗೆ ಎರಡು ಬೇಲಿ ಸಾಕು. ಮೂರನೆಯ ಬೇಲಿ ಕಂಡರೆ ಅದರಾಚೆ ನಾಲ್ಕನೆಯ ಹೆಸರು ಇರಲೇಬೇಕು, ಅದು ಖಾಲಿಯಾಗಿದ್ದರೂ ಸರಿ.

ಯುನಿಕ್ಸ್ ಪರಂಪರೆಯದು ಪೂರ್ಣವಿರಾಮದ ಪಕ್ಷ. ಪೋಸಿಕ್ಸ್ ಎಂಬ ಮಾನಕ ಸಾಲಿನ ವ್ಯಾಖ್ಯೆಯನ್ನೇ ಹಾಗೆ ಕೊಡುತ್ತದೆ: ಸೊನ್ನೆ ಅಥವಾ ಹೆಚ್ಚು ಅಕ್ಷರಗಳು, ಜೊತೆಗೆ ಮುಗಿಸುವ ಒಂದು ನ್ಯೂಲೈನ್. ಹುಡುಗ ಬಳಸಿದ್ದು ಪೈಥಾನ್‌ನ ಸ್ಪ್ಲಿಟ್. ಇಡೀ ಫೈಲನ್ನು ಒಮ್ಮೆಗೇ ಓದಿ, ನ್ಯೂಲೈನ್ ಇದ್ದಲ್ಲೆಲ್ಲ ಕತ್ತರಿಸು ಎಂದಿದ್ದ. ಸ್ಪ್ಲಿಟ್ ಅಲ್ಪವಿರಾಮದ ಪಕ್ಷದ್ದು. ಐದು ನ್ಯೂಲೈನ್ ಕಂಡರೆ ಅದು ಆರು ತುಂಡು ಮಾಡಿಯೇ ತೀರುತ್ತದೆ, ಆರನೆಯದು ಖಾಲಿ. ಅದೇ ಜಾಗದಲ್ಲಿ ಸ್ಪ್ಲಿಟ್‌ಲೈನ್ಸ್ ಬಳಸಿದ್ದರೆ, ಅಥವಾ ಫೈಲಿನ ಮೇಲೆ ನೇರವಾಗಿ ಫಾರ್ ಲೂಪು ಓಡಿಸಿದ್ದರೆ, ಐದೇ ಬರುತ್ತಿತ್ತು. ಅವೆರಡೂ ಕೊನೆಯ ನ್ಯೂಲೈನನ್ನು ಐದನೆಯ ಸಾಲಿನ ಪೂರ್ಣವಿರಾಮ ಎಂದೇ ಓದುತ್ತವೆ.

ಈ ಬೈಟುಗಳನ್ನು ಒಮ್ಮೆ ಕೈಯಾರೆ ಎಣಿಸಿ ನೋಡುವುದು ಒಳ್ಳೆಯದು. ಪಾಲಬಾವಿ ಎಂಬ ಹೆಸರಿನಲ್ಲಿ ಪ, ಲ, ಬ, ವ ಎಂಬ ನಾಲ್ಕು ವ್ಯಂಜನ, ಎರಡು ಆಕಾರದ ಗುರುತು, ಒಂದು ಗುಡಿಸು, ಒಟ್ಟು ಏಳು ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಅಲ್ಲಿಗೆ ಪಾಲಬಾವಿಗೆ 21. ರಾಯಬಾಗಕ್ಕೆ 18, ಅಥಣಿಗೆ 12. ಮೂರೂ ಊರಿನ ಹೆಸರನ್ನು ಒಂದೊಂದು ಸಾಲಿನಲ್ಲಿ ಬರೆದು ಪ್ರತಿಯೊಂದರ ಕೊನೆಗೂ ನ್ಯೂಲೈನ್ ಇಟ್ಟರೆ ಫೈಲು 54 ಬೈಟು. ಕೊನೆಯ ನ್ಯೂಲೈನ್ ಬಿಟ್ಟರೆ 53. ಕೊನೆಗೆ ಒಂದು ಖಾಲಿ ಸಾಲು ಹೆಚ್ಚಿಗೆ ಬಂದರೆ 55. ಖಾಲಿ ಸಾಲು ಎಂದು ನಾವು ಕರೆಯುವುದಕ್ಕೂ ಒಂದು ಬೈಟಿನ ತೂಕವಿದೆ. ಅದು ಕಣ್ಣಿಗಷ್ಟೇ ಖಾಲಿ.

ಅದೇ ಫೈಲನ್ನು ವಿಂಡೋಸ್‌ನಲ್ಲಿ ಉಳಿಸಿದರೆ 57 ಬೈಟು ಆಗುತ್ತದೆ, ಏಕೆಂದರೆ ಅಲ್ಲಿ ಎಂಟರ್‌ಗೆ ಎರಡು ಸಂಕೇತ: 13 ಮತ್ತು 10. ಬೆರಳಚ್ಚು ಯಂತ್ರದ ಮುಂದೆ ಕುಳಿತವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸಾಲು ಮುಗಿದಾಗ ಎರಡು ಕೆಲಸ ಆಗಬೇಕು: ಉರುಳೆಯಿರುವ ಗಾಡಿ ಮೊದಲಿನ ಜಾಗಕ್ಕೆ ಮರಳಬೇಕು, ಕಾಗದ ಒಂದು ಸಾಲು ಮೇಲೆ ಸರಿಯಬೇಕು. ಟೆಲಿಪ್ರಿಂಟರ್‌ಗಳಲ್ಲಿ ಈ ಎರಡು ಕೆಲಸಕ್ಕೂ ಬೇರೆ ಬೇರೆ ಸಂಕೇತ ಕಳಿಸುತ್ತಿದ್ದರು. 1963ರ ಆಸ್ಕಿ ಮಾನಕದಲ್ಲೂ ಎರಡಕ್ಕೂ ಜಾಗ ಸಿಕ್ಕಿತು, ಮರಳುವುದಕ್ಕೆ 13, ಸರಿಯುವುದಕ್ಕೆ 10. ಡಾಸ್ ಮತ್ತು ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಯುನಿಕ್ಸ್ 10 ಒಂದೇ ಸಾಕೆಂದಿತು. ಮ್ಯಾಕ್ ಮೊದಲಿಗೆ 13 ಮಾತ್ರ ಹಿಡಿದು, ಮುಂದೆ ಯುನಿಕ್ಸ್ ತಳಹದಿಗೆ ಬಂದಾಗ 10ಕ್ಕೆ ತಿರುಗಿತು. ವಿಂಡೋಸ್‌ನ ನೋಟ್‌ಪ್ಯಾಡ್ ಬರೀ 10 ಇರುವ ಫೈಲನ್ನು ಸಾಲು ಸಾಲಾಗಿ ತೋರಿಸಲು ಕಲಿತದ್ದು 2018ರಲ್ಲಿ. ಅಲ್ಲಿಯವರೆಗೆ ಲಿನಕ್ಸ್‌ನಿಂದ ಬಂದ ಯಾದಿ ಅದರಲ್ಲಿ ಒಂದೇ ಉದ್ದ ಸಾಲಾಗಿ ಕಾಣುತ್ತಿತ್ತು.

ಈ 13 ಎಂಬ ಸಂಕೇತ ಖಾಲಿ ಸಾಲಿನ ಪರೀಕ್ಷೆಯನ್ನು ಕೆಡಿಸುತ್ತದೆ. ವಿಂಡೋಸ್‌ನ ಫೈಲನ್ನು ಲಿನಕ್ಸ್‌ನಲ್ಲಿ 10ಕ್ಕೆ ಮಾತ್ರ ಕತ್ತರಿಸಿದರೆ ಖಾಲಿ ಸಾಲಿನಲ್ಲೂ ಒಂದು 13 ಉಳಿಯುತ್ತದೆ. ಸಾಲಿನ ಉದ್ದ ಸೊನ್ನೆಯೇ ಎಂದು ಕೇಳುವ ಪ್ರೋಗ್ರಾಂಗೆ ಅದು ಖಾಲಿಯಲ್ಲ. ಪೈಥಾನ್ ಫೈಲನ್ನು ಪಠ್ಯವೆಂದು ತೆರೆದಾಗ ಮೂರೂ ಬಗೆಯ ಸಾಲಂತ್ಯವನ್ನು ತಾನಾಗಿ ಒಂದೇ ನ್ಯೂಲೈನ್ ಮಾಡಿಕೊಡುತ್ತದೆ. ಎಲ್ಲ ಭಾಷೆಗಳಿಗೂ ಆ ಸೌಜನ್ಯವಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಅಳಿಸಿದರೆ ಲೆಕ್ಕ ಸರಿಹೋಗುತ್ತದಲ್ಲ, ಅಳಿಸಿದರೇನು?

ತಿಂಗಳ ಕೊನೆಗೆ ಮೂವತ್ತು ದಿನದ ಫೈಲುಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾನಲ್ಲ, ಪೆಟ್ಟು ಬೀಳುವುದು ಅಲ್ಲಿ. ಲಿನಕ್ಸ್‌ನ ಕ್ಯಾಟ್ ಆದೇಶವಿರಲಿ, ವಿಂಡೋಸ್‌ನ ಕಾಪಿ ಆದೇಶವಿರಲಿ, ಫೈಲುಗಳ ನಡುವೆ ತಾನಾಗಿ ನ್ಯೂಲೈನ್ ಸೇರಿಸುವುದಿಲ್ಲ. ಒಂದನೇ ತಾರೀಕಿನ ಕೊನೆಯ ಸಾಲಿಗೆ ನ್ಯೂಲೈನ್ ಇಲ್ಲದಿದ್ದರೆ, ಕೊನೆಯವರ 9 ಲೀಟರ್‌ನ ಬಾಲಕ್ಕೆ ಎರಡನೇ ತಾರೀಕಿನ ಮೊದಲ ಹೆಸರು ನೇರವಾಗಿ ಅಂಟಿಕೊಳ್ಳುತ್ತದೆ. ಎರಡು ಸಾಲು ಹೋಗಿ ಒಂದಾಗುತ್ತದೆ. ಆ ಒಂದರಲ್ಲಿ ಸಂಖ್ಯೆ ಎಲ್ಲಿ, ಹೆಸರು ಎಲ್ಲಿ ಎಂದು ಪ್ರೋಗ್ರಾಂಗೆ ತಿಳಿಯುವುದಿಲ್ಲ.

ಇನ್ನೊಂದು ಪೆಟ್ಟು ಇದಕ್ಕಿಂತ ಕೆಟ್ಟದ್ದು. ಲಿನಕ್ಸ್‌ನ ಬ್ಯಾಶ್ ಸ್ಕ್ರಿಪ್ಟ್‌ಗಳಲ್ಲಿ "ಸಾಲು ಸಿಗುವವರೆಗೆ ಓದು" ಎಂದು ವೈಲ್ ಮತ್ತು ರೀಡ್ ಸೇರಿಸಿ ಬರೆಯುವ ಲೂಪು ಎಲ್ಲ ಪಾಠಗಳಲ್ಲೂ ಇದೆ. ಕೊನೆಯ ಸಾಲಿಗೆ ನ್ಯೂಲೈನ್ ಇಲ್ಲದಿದ್ದರೆ ರೀಡ್ ಆ ಸಾಲನ್ನು ಓದಿಕೊಳ್ಳುತ್ತದೆ, ಆದರೆ "ಸಾಲು ಪೂರ್ತಿ ಸಿಗಲಿಲ್ಲ, ಫೈಲು ಮುಗಿಯಿತು" ಎಂದು ವಿಫಲತೆಯ ಉತ್ತರ ಕೊಡುತ್ತದೆ. ಲೂಪು ಅಲ್ಲಿಗೇ ನಿಲ್ಲುತ್ತದೆ. ಓದಿದ ಹೆಸರು ಕೈಯಲ್ಲಿ ಹಿಡಿದಂತೆಯೇ ಬಿದ್ದುಹೋಗುತ್ತದೆ. ಐದು ಜನರಲ್ಲಿ ಕೊನೆಯವರು 9 ಲೀಟರ್ ಹಾಕಿದ್ದರೆ ಉಳಿದದ್ದು ನಾಲ್ಕು ಜನ, 31 ಲೀಟರ್, ಸರಾಸರಿ 7.75. ಈ ಅಂಕಿಯನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆಯೇ? ಆರನೆಯ ಸದಸ್ಯ ಬಂದಾಗ ಹುಡುಗ ನನಗೆ ಫೋನ್ ಮಾಡಿದ. ಐದನೆಯವರು ಕಳೆದುಹೋಗಿದ್ದರೆ ಅವನು ಫೋನ್ ಮಾಡುತ್ತಿರಲಿಲ್ಲ. ಹೆಚ್ಚಾದ ಖಾಲಿ ಸಾಲು ಒಂದಲ್ಲ ಒಂದು ರೀತಿ ಗದ್ದಲ ಮಾಡುತ್ತದೆ. ಕಳೆದುಹೋದ ಕೊನೆಯ ಸಾಲು ಸುಮ್ಮನಿರುತ್ತದೆ. ಖಾಲಿ ಸಾಲಿನ ಕಾಟ ತಪ್ಪಿಸಲು ಹೊರಟವರು ಈ ಎರಡನೆಯದಕ್ಕೆ ಬಾಗಿಲು ತೆರೆಯಬಾರದು ಎಂಬುದೇ ನನ್ನ ಒತ್ತಾಯ. ಬ್ಯಾಶ್‌ನಲ್ಲಿ ಪರಿಹಾರ ಸುಲಭ: ರೀಡ್ ವಿಫಲವಾದರೂ ಕೈಯಲ್ಲಿ ಅಕ್ಷರ ಉಳಿದಿದ್ದರೆ ಇನ್ನೊಂದು ಸುತ್ತು ಓಡು ಎಂದು ಷರತ್ತಿಗೆ ಸೇರಿಸಿದರೆ ಮುಗಿಯಿತು.

ಸಾಲುಗಳನ್ನು ಎಣಿಸುವ ಡಬ್ಲ್ಯುಸಿ ಆದೇಶವೂ ನಿಜಕ್ಕೂ ಎಣಿಸುವುದು ನ್ಯೂಲೈನ್‌ಗಳನ್ನು. ಕೊನೆಯದು ಇಲ್ಲದಿದ್ದರೆ 213 ಹೆಸರಿನ ಯಾದಿಗೆ 212 ಎನ್ನುತ್ತದೆ.

ಫೈಲು ಮುಗಿಯುವುದಕ್ಕೂ ಖಾಲಿ ಸಾಲು ಬರುವುದಕ್ಕೂ ಇರುವ ವ್ಯತ್ಯಾಸವನ್ನು ಭಾಷೆಗಳು ಬೇರೆ ಬೇರೆ ರೀತಿ ಹೇಳುತ್ತವೆ. ಪೈಥಾನ್‌ನ ರೀಡ್‌ಲೈನ್ ಖಾಲಿ ಸಾಲಿಗೆ ಒಂದು ನ್ಯೂಲೈನ್ ಇರುವ ಪಠ್ಯ ಕೊಡುತ್ತದೆ, ಉದ್ದ 1. ಫೈಲು ಮುಗಿದರೆ ಏನೂ ಇಲ್ಲದ ಪಠ್ಯ, ಉದ್ದ 0. ಓದಿದ ಕೂಡಲೇ ನ್ಯೂಲೈನನ್ನು ಕಿತ್ತುಹಾಕಿ, ಆಮೇಲೆ "ಖಾಲಿಯಾದರೆ ನಿಲ್ಲು" ಎಂದರೆ ಎರಡೂ ಒಂದೇ ಆಗಿಬಿಡುತ್ತವೆ. ಆಗ ನಡುವೆ ಎಲ್ಲೋ ಒಂದು ಖಾಲಿ ಸಾಲು ಬಂದರೆ ಅದರ ಕೆಳಗಿನ ಯಾದಿಯೆಲ್ಲ ಹೋಯಿತು. ಜಾವಾದಲ್ಲಿ ಮುಗಿದದ್ದಕ್ಕೆ ನಲ್, ಖಾಲಿ ಸಾಲಿಗೆ ಖಾಲಿ ಪಠ್ಯ. ಸಿ ಭಾಷೆ ಕಲಿಯುವವರು ಬೀಳುವ ಹಳ್ಳ ಬೇರೆ. "ಫೈಲು ಮುಗಿಯುವವರೆಗೆ" ಎಂದು ಎಫ್‌ಇಒಎಫ್ ಫಂಕ್ಷನ್ನನ್ನು ಲೂಪಿನ ತಲೆಗೆ ಕಟ್ಟುತ್ತಾರೆ. ಆ ಫಂಕ್ಷನ್ ಮುಂದೆ ಏನಿದೆ ಎಂದು ಇಣುಕುವುದಿಲ್ಲ, ಓದಲು ಹೋಗಿ ಸೋತ ಮೇಲಷ್ಟೇ ಹೌದೆನ್ನುತ್ತದೆ. ಕೊನೆಯ ಸಾಲು ಓದಿದ ಮೇಲೂ ಲೂಪು ಇನ್ನೊಂದು ಸುತ್ತು ಓಡಿ, ಸೋತ ಓದಿನ ಬದಲು ಹಳೆಯ ಸಾಲನ್ನೇ ಮತ್ತೆ ಲೆಕ್ಕಕ್ಕೆ ಹಾಕುತ್ತದೆ. ಕೊನೆಯವರ 9 ಲೀಟರ್ 18 ಆಗುತ್ತದೆ. ಓದುವ ಕ್ರಿಯೆ ಗೆದ್ದಿತೇ ಎಂದೇ ಲೂಪಿನ ಷರತ್ತಿನಲ್ಲಿ ಕೇಳಬೇಕು.

ಕನ್ನಡದಲ್ಲಿ ಯಾದಿ ಬರೆಯುವ ನಮಗೆ ಇನ್ನೂ ಒಂದು ಸಂಕಟವಿದೆ. ಇಂಗ್ಲಿಷ್ ಪಾಠಗಳಲ್ಲಿ ಇದರ ಮಾತು ಅಪರೂಪ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೋಟ್‌ಪ್ಯಾಡ್ ಎಂದು ಬರೆದಾಗ ಟ ಅಕ್ಷರದ ಅರ್ಧರೂಪ ಮತ್ತು ಪ ಅಕ್ಷರ ಬೇರೆಬೇರೆಯಾಗಿ ಕಾಣಬೇಕೆಂದರೆ ನಡುವೆ ಕಾಣದ ಒಂದು ಸಂಕೇತ ಬೇಕು. ಅದಿಲ್ಲದಿದ್ದರೆ ಪ ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ಯುನಿಕೋಡ್‌ನಲ್ಲಿ ಇದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಅಗಲವಿಲ್ಲದ, ಕೂಡಿಸದ ಸಂಕೇತ. ಇದೇ ಲೇಖನದಲ್ಲಿ ಅದು ಹತ್ತಾರು ಕಡೆ ಕುಳಿತಿದೆ. ಬೆರಳು ಜಾರಿಯೋ, ವಾಟ್ಸಾಪ್‌ನಿಂದ ಹೆಸರು ನಕಲು ಮಾಡುವಾಗಲೋ, ಆ ಸಂಕೇತ ಒಂಟಿಯಾಗಿ ಕೊನೆಯ ಸಾಲಿನಲ್ಲಿ ಉಳಿದುಬಿಡಬಹುದು. ಪರದೆಯ ಮೇಲೆ ಖಾಲಿ ಸಾಲು. ಪೈಥಾನ್‌ನ ಸ್ಟ್ರಿಪ್‌ಗೆ ಕೊಟ್ಟು ನೋಡಿ, ಖಾಲಿಯಾಗುವುದಿಲ್ಲ. ಸ್ಟ್ರಿಪ್ ತೆಗೆಯುವುದು ಜಾಗ ಎಂದು ವರ್ಗೀಕರಿಸಿದ ಸಂಕೇತಗಳನ್ನು ಮಾತ್ರ, ಇದು ಆ ವರ್ಗದಲ್ಲಿಲ್ಲ. ಫೈಲಿನಲ್ಲಿ ಅದು 3 ಬೈಟು.

ಮುರಿಯದ ಜಾಗ ಎಂಬ 160ನೇ ಸಂಕೇತದ ಪಾಡು ಇನ್ನೊಂದು ಬಗೆ. ಪೈಥಾನ್‌ನ ಸ್ಟ್ರಿಪ್ ಅದನ್ನು ತೆಗೆಯುತ್ತದೆ, ಜಾವಾಸ್ಕ್ರಿಪ್ಟ್‌ನ ಟ್ರಿಮ್ ಕೂಡ ತೆಗೆಯುತ್ತದೆ. ಜಾವಾದ ಟ್ರಿಮ್ ತೆಗೆಯುವುದಿಲ್ಲ, 2018ರಲ್ಲಿ ಜಾವಾ 11ರ ಜೊತೆ ಬಂದ ಹೊಸ ಸ್ಟ್ರಿಪ್ ಸಹ ತೆಗೆಯುವುದಿಲ್ಲ. ಒಂದೇ ಫೈಲು ಒಂದು ಭಾಷೆಯಲ್ಲಿ ಐದು ಜನ, ಇನ್ನೊಂದರಲ್ಲಿ ಆರು. ಫೈಲಿನ ತಲೆಗೆ ಕೂರುವ ಬೈಟ್ ಆರ್ಡರ್ ಮಾರ್ಕ್ ಕೂಡ ಇಂಥದ್ದೇ. ನೋಟ್‌ಪ್ಯಾಡ್‌ನ ಹಳೆಯ ಆವೃತ್ತಿಗಳಲ್ಲಿ ಯುಟಿಎಫ್-8 ಆರಿಸಿದರೆ ಈ 3 ಬೈಟು ಮುಂದೆ ಸೇರುತ್ತಿದ್ದವು. 2019ರಿಂದ ಅದಿಲ್ಲದೆ ಉಳಿಸುವುದೇ ರೂಢಿಯಾಯಿತು. ನಮ್ಮ ಮೂರು ಊರಿನ ಫೈಲಿಗೆ ಆ ಗುರುತು ಸೇರಿದರೆ ಮತ್ತೆ 57 ಬೈಟು, ವಿಂಡೋಸ್ ಸಾಲಂತ್ಯವಿದ್ದರೂ 57. ಗಾತ್ರ ನೋಡಿ ಯಾವುದೆಂದು ಹೇಳಲಾಗದು, "ಓಡಿ" ಅಥವಾ ಹೆಕ್ಸ್‌ಡಂಪ್ ಆದೇಶದಿಂದ ಬೈಟು ತೆರೆದೇ ನೋಡಬೇಕು. ಪೈಥಾನ್‌ನಲ್ಲಿ ಫೈಲು ತೆರೆಯುವಾಗ ಯುಟಿಎಫ್-8-ಸಿಗ್ ಎಂಬ ಹೆಸರು ಕೊಟ್ಟರೆ ಗುರುತು ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ.

ಹಾಗಾದರೆ ಓದುವುದು ಹೇಗೆ? ಪುಟ್ಟ ಫೈಲಾದರೆ ಇಡೀ ಪಠ್ಯದ ಬಾಲವನ್ನು ಆರ್‌ಸ್ಟ್ರಿಪ್‌ನಿಂದ ಕತ್ತರಿಸಿ ಸ್ಪ್ಲಿಟ್‌ಲೈನ್ಸ್ ಮಾಡು ಎಂದು ಬಹಳ ಜನ ಹೇಳುತ್ತಾರೆ. ಅದರಲ್ಲೊಂದು ಮುಳ್ಳಿದೆ. ಹೆಸರು ಮತ್ತು ಲೀಟರ್ ನಡುವೆ ಟ್ಯಾಬ್ ಇಟ್ಟ ಯಾದಿಯಲ್ಲಿ ಕೊನೆಯವರು ಆ ದಿನ ಹಾಲು ಹಾಕಿಲ್ಲ ಎನ್ನಿ. ಅವರ ಸಾಲು ಹೆಸರು, ಟ್ಯಾಬ್, ಅಷ್ಟೇ. ಬರೀ ಆರ್‌ಸ್ಟ್ರಿಪ್ ಎಂದರೆ ಟ್ಯಾಬೂ ಹೋಗುತ್ತದೆ. ಉಳಿದ ಎಲ್ಲರಿಗೂ ಎರಡು ಅಂಕಣ, ಕೊನೆಯವರಿಗೆ ಮಾತ್ರ ಒಂದು. ವರ್ಷದಲ್ಲಿ ಎರಡು ದಿನ ಮಾತ್ರ ಕಾಣುವ ಇಂಥ ದೋಷವನ್ನು ಹುಡುಕುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಹಾಗಾಗಿ ಸಾಲಿನಿಂದ ಕಿತ್ತುಹಾಕುವುದು 10 ಮತ್ತು 13 ಮಾತ್ರ. ಖಾಲಿಯೇ ಎಂಬ ಪರೀಕ್ಷೆಯನ್ನು ಸಾಲಿನ ಒಂದು ನಕಲಿನ ಮೇಲೆ ಮಾಡಿ: ಜಾಗ, ಟ್ಯಾಬ್, ಮುರಿಯದ ಜಾಗ, ಕಾಣದ ಜಾಯ್ನರ್‌ಗಳು ಎಲ್ಲವನ್ನೂ ನಕಲಿನಿಂದ ತೆಗೆದು ಏನಾದರೂ ಉಳಿಯಿತೇ ನೋಡಿ. ಮೂಲ ಸಾಲನ್ನು ಮುಟ್ಟಬೇಡಿ. ಹೆಸರಿನೊಳಗಿನ ಆ ಕಾಣದ ಸಂಕೇತ ತೆಗೆದರೆ ಹೆಸರಿನ ಬರಹವೇ ಬದಲಾಗುತ್ತದೆ.

ಖಾಲಿ ಸಾಲು ಸಿಕ್ಕಿತು ಎಂದುಕೊಳ್ಳಿ. ಅದನ್ನು ಹಾರಿಸಿ ಮುಂದೆ ಹೋಗುವುದು ಸುಲಭ, ಸಿದ್ಧ ಲೈಬ್ರರಿಗಳು ಮಾಡುವುದೂ ಅದನ್ನೇ. ಪೈಥಾನ್‌ನ ಡಿಕ್ಟ್‌ರೀಡರ್ ಖಾಲಿ ಸಾಲುಗಳನ್ನು ಹೇಳದೆ ದಾಟುತ್ತದೆ, ಪಾಂಡಾಸ್ ಕೂಡ ರೂಢಿಯಲ್ಲಿ ದಾಟುತ್ತದೆ. (ಎಕ್ಸೆಲ್‌ನಿಂದ ಬಂದ ಸಿಎಸ್‌ವಿ ಫೈಲಿನ ಕೊನೆಯಲ್ಲಿ ಬರೀ ಅಲ್ಪವಿರಾಮಗಳಿರುವ ಸಾಲುಗಳು ಬಂದರೆ ಅವು ಖಾಲಿ ಎಂದೆನಿಸಿಕೊಳ್ಳುವುದಿಲ್ಲ, ಅವನ್ನು ನಾವೇ ನೋಡಿಕೊಳ್ಳಬೇಕು.) ಆದರೆ ಕೊನೆಯ ಖಾಲಿ ಸಾಲೂ ನಡುವಿನ ಖಾಲಿ ಸಾಲೂ ಒಂದೇ ಅಲ್ಲ. ಕೊನೆಯದು ಕೈಯ ಅಭ್ಯಾಸ. ನಡುವಿನದಕ್ಕೆ ಒಂದು ಕಾರಣ ಇರಲೇಬೇಕು.

ಕಷ್ಟವೇನೆಂದರೆ, ಸಾಲು ಸಾಲಾಗಿ ಓದುತ್ತಿರುವಾಗ ಈ ಖಾಲಿ ಸಾಲು ಕೊನೆಯದೋ ನಡುವಿನದೋ ಎಂದು ಅದೇ ಗಳಿಗೆಯಲ್ಲಿ ಗೊತ್ತಾಗುವುದಿಲ್ಲ. ಹುಡುಗನಿಗೆ ಹೇಳಿಕೊಟ್ಟದ್ದು ಬಾಕಿ ಇಡುವ ಉಪಾಯ. ಖಾಲಿ ಸಾಲು ಕಂಡರೆ ಏನೂ ಮಾಡಬೇಡ, ಬಾಕಿಗೆ ಒಂದು ಸೇರಿಸು, ಮೊದಲನೆಯದಾದರೆ ಅದರ ಸಾಲಿನ ಸಂಖ್ಯೆಯನ್ನೂ ಬರೆದಿಟ್ಟುಕೋ. ಮುಂದೆ ನಿಜವಾದ ಸಾಲು ಬಂತೋ, ಬಾಕಿಯಿದ್ದವೆಲ್ಲ ನಡುವಿನವು ಎಂದು ಗೊತ್ತಾಯಿತು: ಎಚ್ಚರಿಕೆ ಮುದ್ರಿಸು, ಬಾಕಿಯನ್ನು ಸೊನ್ನೆ ಮಾಡು, ಮುಂದುವರಿ. ಬಾಕಿ ಇರುವಾಗಲೇ ಫೈಲು ಮುಗಿಯಿತೋ, ಅವು ಕೊನೆಯವು, ಬಿಟ್ಟುಬಿಡು. ಫೈಲು ಎಷ್ಟೇ ದೊಡ್ಡದಿರಲಿ, ನೆನಪಿಡಬೇಕಾದ್ದು ಎರಡು ಸಂಖ್ಯೆ ಮಾತ್ರ.

ಖಾಲಿ ಸಾಲೇ ಗಡಿಯಾಗಿರುವ ಫೈಲುಗಳಲ್ಲಿ ಈ ಉಪಾಯ ಬೇರೆ ರೂಪ ತಾಳಬೇಕು. ವಚನಗಳನ್ನು ಒಂದು ಪಠ್ಯ ಫೈಲಿನಲ್ಲಿ ಸಂಗ್ರಹಿಸುವಾಗ ಒಂದು ವಚನಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಸಾಲು ಬಿಡುವುದು ಸಹಜ. ಓದುವ ಪ್ರೋಗ್ರಾಂ ಖಾಲಿ ಸಾಲು ಕಂಡಾಗ "ಒಂದು ವಚನ ಮುಗಿಯಿತು, ಉಳಿಸು" ಎನ್ನುತ್ತದೆ. ಕೊನೆಯ ವಚನದ ನಂತರ ಖಾಲಿ ಸಾಲು ಇಲ್ಲದಿದ್ದರೆ ಆ "ಉಳಿಸು" ಬರುವುದೇ ಇಲ್ಲ, ಕೊನೆಯ ವಚನ ಸಂಗ್ರಹದಿಂದ ಮಾಯ. ಕೊನೆಗೆ ಮೂರು ಖಾಲಿ ಸಾಲಿದ್ದರೆ ಪದವಿಲ್ಲದ ಎರಡು ವಚನ ಹೆಚ್ಚಾಗುತ್ತವೆ. ಲೂಪಿನ ಹೊರಗೆ, ಫೈಲು ಮುಗಿದ ಮೇಲೆ, ಕೈಯಲ್ಲಿ ಏನಾದರೂ ಉಳಿದಿದ್ದರೆ ಉಳಿಸು ಎಂದು ಇನ್ನೊಮ್ಮೆ ಹೇಳಬೇಕು, ಮತ್ತು ಕೈ ಖಾಲಿಯಿದ್ದಾಗ ಉಳಿಸಬಾರದು.

ಬರೆಯುವ ಬದಿಯಲ್ಲಿ ನಿಯಮ ಒಂದೇ ಸಾಕು: ಪ್ರತಿ ಸಾಲಿಗೂ ಒಂದು ನ್ಯೂಲೈನ್, ಕೊನೆಯದಕ್ಕೂ, ಹೆಚ್ಚಿಗೆ ಬೇಡ. ಗಿಟ್ ಬಳಸುವವರಿಗೆ ಫೈಲಿನ ಕೊನೆಯಲ್ಲಿ ನ್ಯೂಲೈನ್ ಇಲ್ಲವೆಂದು ಅದು ಹೇಳುವುದು ಗೊತ್ತಿರುತ್ತದೆ. ಪಿಎಚ್‌ಪಿ ಬರೆಯುವವರು ಬರೀ ಕೋಡ್ ಇರುವ ಫೈಲಿನ ಕೊನೆಯ ಮುಚ್ಚುಗುರುತನ್ನೇ ಬಿಡುವುದು ಹೆಚ್ಚಿನ ನ್ಯೂಲೈನ್‌ಗಳ ಕಾಟಕ್ಕೆ. ಅದರಾಚೆ ಉಳಿದ ಖಾಲಿ ಸಾಲುಗಳು ಪುಟಕ್ಕಿಂತ ಮೊದಲೇ ಬ್ರೌಸರ್‌ಗೆ ಹೋಗಿ, ಹೆಡರ್ ಕಳಿಸಲಾಗದೆ ಪ್ರೋಗ್ರಾಂ ತಡವರಿಸುತ್ತದೆ.

ಪರೀಕ್ಷೆಗೆ ಅವನಿಂದ ಏಳು ಫೈಲು ಮಾಡಿಸಿದೆ. ಸೊನ್ನೆ ಬೈಟಿನದು, ಬರೀ ಒಂದು ಎಂಟರ್ ಇರುವುದು, ಕೊನೆಗೆ ಎಂಟರ್ ಇಲ್ಲದ್ದು, ಇರುವುದು, ನಾಲ್ಕು ಸಲ ಒತ್ತಿದ್ದು, ವಿಂಡೋಸ್ ಸಾಲಂತ್ಯದ್ದು, ಕೊನೆಯ ಸಾಲಿನಲ್ಲಿ ಕಾಣದ ಜಾಯ್ನರ್ ಒಂದೇ ಇರುವುದು. ಮೊದಲೆರಡಕ್ಕೆ ಸೊನ್ನೆ ಜನ ಬರಬೇಕು, ಸರಾಸರಿ ತೆಗೆಯಲು ಹೋಗಿ ಸೊನ್ನೆಯಿಂದ ಭಾಗಿಸಿ ಬೀಳಬಾರದು. ಉಳಿದ ಐದಕ್ಕೂ ಐದು ಜನ, 40 ಲೀಟರ್. ಒಂದು ಫೈಲಿನಲ್ಲಿ ಅವನು ಲೀಟರ್‌ಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದ, ಹೆದರುತ್ತಲೇ ಓಡಿಸಿದ. ಪೈಥಾನ್ ಕನ್ನಡ ಅಂಕಿಗಳನ್ನೂ ಸಂಖ್ಯೆಯಾಗಿ ಓದುತ್ತದೆ, ಲೆಕ್ಕ ಸರಿ ಬಂತು. ಅವನ ದನಿಯಲ್ಲಿ ಬಂದ ಖುಷಿ ನನಗೂ ಮುಟ್ಟಿತು.

ಮರುದಿನ ಸಂಜೆ ನಿಜವಾದ ಯಾದಿ ಕೊಟ್ಟು ಓಡಿಸಿ ಮತ್ತೆ ಫೋನ್ ಮಾಡಿದ. ಕೊನೆಯಲ್ಲಿ ಬಿಟ್ಟ ಖಾಲಿ ಸಾಲು ಮೂರು. ನಡುವೆ ಖಾಲಿ ಸಾಲು ಒಂದು, 38ನೇ ಸಾಲು. ಕಾಗದದ ಪುಸ್ತಕ ತೆಗೆಸಿ 38ನೇ ನಂಬರಿನ ಎದುರು ಏನಿದೆ ನೋಡು ಎಂದೆ. ಹಾಳೆ ತಿರುವುವ ಸದ್ದು ಕೇಳಿಸಿತು.

"ಆರು ಲೀಟರ್ ಐತ್ರಿ ಕಾಕಾ. ಅಜ್ಜಿ ಹಾಲ ಹಾಕೂ ಮುಂದ ಕರೆಂಟ್ ಹೋಗಿತ್ತ. ಆಮ್ಯಾಲ ಬರದ್ರಾತು ಅಂತ ಜಾಗಾ ಬಿಟ್ಟಿದ್ನಿ."